ಡಬ್ಲಿನ್‌ನಲ್ಲಿ ಮನೆ ಹಿಡಿಯುವ ಮುನ್ನ

ಪಿಪಿಎಸ್ ಸಂಖ್ಯೆ (ಐರ್ಲೆಂಡ್ ಸರ್ಕಾರ ಕೊಡುವ ಗುರುತಿನ ಸಂಖ್ಯೆ), ವಲಸೆ ನೋಂದಣಿ, ಬ್ಯಾಂಕ್ ಖಾತೆ: ಇವು ಕೇಳಿದ ಕಾಗದಗಳನ್ನು ಒದಗಿಸಿದರೆ ಆಗಿಬಿಡುವ ಕೆಲಸಗಳು. ಅವುಗಳ ಬಗ್ಗೆ ಬರೆಯುವುದಿಲ್ಲ. ನಾನು ಹೇಳಬೇಕೆಂದಿರುವುದು ಮನೆಯ ಬಗ್ಗೆ ಮತ್ತು ಮನೆಯ ಹೊರಗಿರುವ ಊರಿನ ಬಗ್ಗೆ. ಎರಡನ್ನೂ ನೋಡುವ ಕಣ್ಣು ನನಗೆ ತಡವಾಗಿ ಬಂತು. ಆ ಸಂಕಟ ಇನ್ನೂ ಇದೆ.

ಬಂದ ವರ್ಷ ನಮಗೆ ಎರಡು ಮನೆಗಳು ಸಿಗುವಂತಿದ್ದವು. ಮನೆ ಸಿಗುವುದೇ ದುರ್ಲಭವಾದ ಈ ಊರಿನಲ್ಲಿ ಅದು ಭಾಗ್ಯ. ಒಂದು, ಸಾಲುಮನೆಗಳ ಬೀದಿಯಲ್ಲಿದ್ದ ಹಳೆಯ ಇಟ್ಟಿಗೆಯ ಮನೆ. ಮುಂಬಾಗಿಲು, ನಡುಮನೆಯ ದೊಡ್ಡ ಕಿಟಕಿ ಎರಡೂ ದಕ್ಷಿಣಕ್ಕೆ. ಯಮನ ದಿಕ್ಕು ಎಂದು ಬಿಟ್ಟೆವು. ಇನ್ನೊಂದು, ಗಾಜಿನ ಮುಖದ ಹೊಸ ಕಟ್ಟಡದ ಫ್ಲ್ಯಾಟ್. ಬಾಗಿಲು ಪೂರ್ವಕ್ಕೆ. ಸಂತೋಷದಿಂದ ಹಾಲುಕ್ಕಿಸಿದೆವು. ಆದರೆ ಆ ಪೂರ್ವದ ಬಾಗಿಲು ತೆರೆಯುತ್ತಿದ್ದುದು ಕಟ್ಟಡದೊಳಗಿನ, ಕಿಟಕಿಯೇ ಇಲ್ಲದ ಕಾರಿಡಾರ್‌ಗೆ. ಮನೆಯ ಕಿಟಕಿಗಳೆಲ್ಲ ಉತ್ತರದ ಒಂದೇ ಗೋಡೆಯಲ್ಲಿದ್ದವು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಸಿಲಿನ ಒಂದು ಕೋಲೂ ಒಳಗೆ ಬೀಳಲಿಲ್ಲ.

ಡಿಸೆಂಬರ್‌ನ ನಡುಹಗಲಿನಲ್ಲಿ ಬೆಂಗಳೂರಿನ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಡಬ್ಲಿನ್‌ನಲ್ಲಿ ಅವನು ಸುಮಾರು 13 ಡಿಗ್ರಿಗಿಂತ ಹೆಚ್ಚು ಮೇಲೇರುವುದೇ ಇಲ್ಲ, ದಕ್ಷಿಣದ ಅಂಚಿನಲ್ಲೇ ಸರಿದುಹೋಗುತ್ತಾನೆ. ನಮ್ಮ ಹಿರಿಯರು ದಿಕ್ಕು ನೋಡಿದ್ದು ಅವರ ನೆಲದ ಬಿಸಿಲು, ಅವರ ನೆಲದ ಗಾಳಿಯನ್ನು ಕಂಡು. ಇಲ್ಲಿ ಮನೆ ಕಟ್ಟಿದ್ದರೆ ಅವರು ದಕ್ಷಿಣವನ್ನೇ ಆರಿಸುತ್ತಿದ್ದರು ಎಂದು ನಾನು ನಂಬುತ್ತೇನೆ. ಮನೆ ನೋಡಲು ಹೋದಾಗ ಮೊಬೈಲಿನ ದಿಕ್ಸೂಚಿ ತೆರೆದು, ನಡುಮನೆಯ ಕಿಟಕಿ ಯಾವ ಕಡೆಗಿದೆ ಎಂದು ನೋಡಿ. ಎರಡು ಕಡೆ ಕಿಟಕಿಗಳಿದ್ದರೆ ಇನ್ನೂ ಒಳ್ಳೆಯದು, ಒಗ್ಗರಣೆಯ ಘಾಟು ಹೊರಗೆ ಹೋಗಲು ದಾರಿಯಿರುತ್ತದೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಇಲ್ಲಿನ ಅನೇಕ ಮನೆಗಳಲ್ಲಿ ಕೋಣೆಯ ಗೋಡೆಗೆ ಗಾಳಿಕಿಂಡಿಯೊಂದಿರುತ್ತದೆ. ಚಳಿಗಾಲದಲ್ಲಿ ಅದರಿಂದ ತಣ್ಣನೆಯ ಗಾಳಿ ನುಗ್ಗುತ್ತಿದ್ದುದನ್ನು ಕಂಡು, ಮಗುವಿಗೆ ಶೀತವಾದೀತೆಂದು ಅದಕ್ಕೆ ಟೇಪ್ ಅಂಟಿಸಿದೆ. ಒದ್ದೆ ಬಟ್ಟೆಗಳನ್ನು ಒಳಗೇ ಹರವಿದೆವು. ಅಕ್ಕಿ, ಬೇಳೆ, ಸಾಂಬಾರು, ದಿನಕ್ಕೆ ಎರಡು ಹೊತ್ತು ಕುದಿಯುತ್ತಿದ್ದವು. ಜನವರಿಯ ಹೊತ್ತಿಗೆ ಮಗಳ ಮಂಚದ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿಯಿತು, ಅವಳ ಕೆಮ್ಮು ನಿಲ್ಲಲಿಲ್ಲ. ದಯವಿಟ್ಟು ಆ ಕಿಂಡಿಯನ್ನು ಮುಚ್ಚಬೇಡಿ. ಮಂಚವನ್ನು ಹೊರಗೋಡೆಗೆ ತಾಗಿಸಬೇಡಿ. ಕುಕ್ಕರ್ ಇಟ್ಟಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ.

ಹೊಸ ಕಟ್ಟಡವಾದರೆ ಗಟ್ಟಿ ಎಂಬ ಭರವಸೆಯೂ ಬೇಡ. 1991ರಿಂದ 2013ರವರೆಗೆ ಇಲ್ಲಿ ಕಟ್ಟಿದ ಫ್ಲ್ಯಾಟ್‌ಗಳಲ್ಲಿ ಬೆಂಕಿ ಸುರಕ್ಷತೆ, ನೀರು ಸೋರುವಿಕೆ ಅಥವಾ ರಚನೆಯ ದೋಷವಿರುವವು ಒಂದು ಲಕ್ಷದವರೆಗೂ ಇರಬಹುದೆಂದು ಸರ್ಕಾರವೇ ನೇಮಿಸಿದ ತಂಡ 2022ರಲ್ಲಿ ಹೇಳಿತು. ಆರ್ಥಿಕತೆ ಉಕ್ಕುತ್ತಿದ್ದ ಕಾಲದಲ್ಲಿ ಅವಸರದಿಂದ ಎದ್ದ ಗೋಡೆಗಳವು. ಇಂಧನ ದಕ್ಷತೆಯ ಬಿಇಆರ್ ಅಕ್ಷರವನ್ನು ನೋಡಿ, ಆದರೆ ಅದೊಂದನ್ನೇ ನಂಬಬೇಡಿ.

ನಾನು ಬಂದಾಗ ಡಬ್ಲಿನ್ ಒಂದು ಗಿಡ್ಡ ಊರು ಎಂದುಕೊಂಡೆ. ಬೆಂಗಳೂರಿನ ಹೊರವರ್ತುಲ ರಸ್ತೆಯಿಂದ ಬಂದ ಕಣ್ಣಿಗೆ 59 ಮೀಟರಿನ ಲಿಬರ್ಟಿ ಹಾಲ್ ಏನು ಕಂಡೀತು? ಎತ್ತರವಿದ್ದರೆ ಪ್ರಗತಿ, ಗಾಜಿದ್ದರೆ ಹೊಸತು. ಇದೇ ನನ್ನ ಅಳತೆಗೋಲಾಗಿತ್ತು. ಬಂದರು ಕಟ್ಟೆಯ ಗಾಜಿನ ಕಚೇರಿಗಳ ಮುಂದೆ ಫೋಟೊ ತೆಗೆಸಿಕೊಂಡು ಊರಿಗೆ ಕಳುಹಿಸುತ್ತಿದ್ದೆ. ಇಂದು ಆ ಕಟ್ಟಡಗಳ ಮುಂದೆ ನಿಂತರೆ ನನಗೆ ಏನೂ ಅನಿಸುವುದಿಲ್ಲ. ಅವು ಯಾವ ದೇಶದಲ್ಲಾದರೂ ಇರಬಹುದಿತ್ತು.

ಈ ನಾಡಿನ ಇಂದಿನ ವಾಸ್ತುಶಿಲ್ಪದ ಜೀವ ಇರುವುದು ಗ್ರಂಥಾಲಯ, ಶಾಲೆ, ಕಾಲೇಜುಗಳಲ್ಲಿ ಎಂದು ನನ್ನ ಅಭಿಪ್ರಾಯ. ಡಬ್ಲಿನ್ ಬಳಿಯ ಕಡಲತೀರದ ಊರಾದ ಡನ್ ಲೇರಿಯಲ್ಲಿ 2014ರಲ್ಲಿ ತೆರೆದ ಲೆಕ್ಸಿಕನ್ ಗ್ರಂಥಾಲಯ ತೀರಾ ದೊಡ್ಡದಾಯಿತು, ಸಮುದ್ರದ ಅಂಚನ್ನು ಕೆಡಿಸಿತು ಎಂದು ಹಲವರು ಸಿಟ್ಟಾಗಿದ್ದರು. ಹೊರಗಿನಿಂದ ಅದರ ಗಾತ್ರ ನನ್ನನ್ನೂ ಅಳುಕಿಸುತ್ತದೆ. ಆದರೆ ಒಳಗೆ, ಬಂದರಿನ ಕಡೆಗಿರುವ ಕಿಟಕಿಯ ಬಳಿ, ಹಣ ಕೊಡದೆ, ಏನನ್ನೂ ಕೊಳ್ಳದೆ ಇಡೀ ದಿನ ಕೂರಬಹುದು. ಬಿಸಿಲಿಲ್ಲದ ಆ ಫ್ಲ್ಯಾಟಿನ ಚಳಿಗಾಲದ ಶನಿವಾರಗಳನ್ನು ನಾವು ಕಳೆದದ್ದು ಅಲ್ಲಿ. ನನ್ನ ಮಗಳು ಓದಲು ಕಲಿತದ್ದು ಅಲ್ಲಿ. ನೀವೂ ಮಕ್ಕಳನ್ನು ಮಾಲ್‌ಗಳಿಗೆ ಒಯ್ಯುವ ಮೊದಲು ಇಂತಹ ಕಡೆಗೆ ಕರೆದೊಯ್ಯಿರಿ.

ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ನಡೆದಾಡಿದವರಿಗೆ ಕಲ್ಲಿನ ಮೊಗಸಾಲೆಯ ನೆರಳು ಗೊತ್ತು. ಅದನ್ನು ರೂಪಿಸಿದ ಬಿ.ವಿ. ದೋಶಿ ಅವರಿಗೆ 2018ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್ಕರ್ ಪ್ರಶಸ್ತಿ ಬಂತು. ಎರಡು ವರ್ಷಗಳ ನಂತರ ಅದೇ ಪ್ರಶಸ್ತಿ ಡಬ್ಲಿನ್‌ನ ಗ್ರಾಫ್ಟನ್ ಆರ್ಕಿಟೆಕ್ಟ್ಸ್‌ನ ಇವಾನ್ ಫ್ಯಾರೆಲ್ ಮತ್ತು ಶೆಲ್ಲಿ ಮೆಕ್‌ನಮಾರಾ ಅವರಿಗೆ ಸಂದಿತು. ಕಟ್ಟಡ ಎಂದರೆ ಜನ ನಿಲ್ಲುವ, ಸೇರುವ ಜಾಗ ಎಂಬ ತಿಳಿವು ದೋಶಿ ಅವರಲ್ಲೂ ಇವರಲ್ಲೂ ಒಂದೇ.

ಗ್ರಾಫ್ಟನ್‌ನವರ ಕೆಲಸವೊಂದನ್ನು ನೋಡಲು ಫಿಟ್ಜ್‌ವಿಲಿಯಂ ಬೀದಿಗೆ ಹೋಗಿ. 1960ರ ದಶಕದಲ್ಲಿ ಇಎಸ್‌ಬಿ ವಿದ್ಯುತ್ ಸಂಸ್ಥೆ ತನ್ನ ಕಚೇರಿಗಾಗಿ ಅಲ್ಲಿ ಒಂದೇ ಸಾಲಿನ 16 ಜಾರ್ಜಿಯನ್ (ಜಾರ್ಜ್ ಹೆಸರಿನ ದೊರೆಗಳ ಕಾಲದ) ಮನೆಗಳನ್ನು ಕೆಡವಿಸಿತು. ಜನ ಪ್ರತಿಭಟಿಸಿದರು, ಆದರೆ ಮನೆಗಳು ಉಳಿಯಲಿಲ್ಲ. ಹಾಗೆ ಬಂದ ಕಚೇರಿಯನ್ನೂ ಐವತ್ತು ವರ್ಷ ತುಂಬುವ ಹೊತ್ತಿಗೆ ಕೆಡವಿದರು. ಈಗ ಗ್ರಾಫ್ಟನ್ ಮತ್ತು ಒಮಾಹನಿ ಪೈಕ್ ಎಂಬ ವಾಸ್ತುಶಿಲ್ಪ ಸಂಸ್ಥೆ ಸೇರಿ ರೂಪಿಸಿದ ಇಟ್ಟಿಗೆಯ ಕಟ್ಟಡವಿದೆ. ಹಳೆಯ ಮನೆಗಳನ್ನು ನಕಲು ಮಾಡದೆ ಅವುಗಳ ಲಯವನ್ನು ಮಾತ್ರ ಹಿಡಿದಿದೆ. ಕೆಲವರು ಹಳೆಯದನ್ನೇ ಮರಳಿ ಕಟ್ಟಬೇಕಿತ್ತು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಹೋದದ್ದು ಹೋಯಿತು ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಆ ಗೋಡೆಯಲ್ಲಿದೆ.

ಆ ಬೀದಿಯಲ್ಲಿ ನಿಂತಾಗ ನನಗೆ ಮಲ್ಲೇಶ್ವರದ ನಮ್ಮ ಅಜ್ಜನ ಮನೆ ನೆನಪಾಯಿತು. ಕೆಂಪು ಹೆಂಚು, ಜಗಲಿ, ಹಿತ್ತಲಲ್ಲಿ ಹಲಸಿನ ಮರ. ನಾನು ಇಲ್ಲಿಗೆ ಹೊರಡುವ ಮೊದಲಿನ ವರ್ಷ ಅದನ್ನು ಬಿಲ್ಡರ್‌ಗೆ ಕೊಟ್ಟೆವು. ಆ ಪತ್ರದಲ್ಲಿ ನನ್ನ ಸಹಿಯೂ ಇದೆ. ಇಲ್ಲಿನವರು ಅರ್ಧ ಶತಮಾನದ ನಂತರವೂ 16 ಮನೆಗಳ ಲೆಕ್ಕ ಇಟ್ಟಿದ್ದಾರೆ. ನಮ್ಮ ಬೀದಿಯಲ್ಲಿ ಎಷ್ಟು ಹೋದವು ಎಂದು ನಮಗೆ ಗೊತ್ತಿಲ್ಲ.

ಮಗಳು ಹೊಸ ಕಟ್ಟಡದ ಕಿಟಕಿಗಳನ್ನು ಎಣಿಸುತ್ತಾ, ಅಜ್ಜನ ಮನೆಗೆ ಎಷ್ಟು ಕಿಟಕಿಗಳಿದ್ದವು ಎಂದು ಕೇಳಿದಳು. ನನಗೆ ಹೇಳಲಾಗಲಿಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅವರು ತಡೆಯದೆ ಹೇಳಿದರು: ಬೀದಿಗೆ ನಾಲ್ಕು, ಹಿತ್ತಲಿಗೆ ಎರಡು, ದಕ್ಷಿಣಕ್ಕೆ ಒಂದು. ಚಳಿಗಾಲದಲ್ಲಿ ನಿಮ್ಮ ಅಜ್ಜ ಆ ದಕ್ಷಿಣದ ಕಿಟಕಿಯ ಬಳಿಯೇ ಕುಳಿತು ಪತ್ರಿಕೆ ಓದುತ್ತಿದ್ದರಲ್ಲ, ಮರೆತೆಯಾ?