ಪ್ರೈಮರಿ ಕಾಲದ ತೆರಿಗೆ ಚರ್ಚೆ ನಡೆಸುವ ಬಗೆ

ಕಾಸರಗೋಡಿನ ವಾಚನಾಲಯದಲ್ಲಿ ಕುಳಿತು ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಅಮೆರಿಕದ ಪ್ರೈಮರಿ ಚುನಾವಣೆಯನ್ನು ಚರ್ಚಿಸುವವರು, ಅಭ್ಯರ್ಥಿಯ ವರ್ಚಸ್ಸನ್ನು ಬದಿಗಿಟ್ಟು, ಪ್ರಸ್ತಾವಿತ ತೆರಿಗೆ ಆದಾಯದ ಮೇಲೋ, ಖರ್ಚಿನ ಮೇಲೋ, ಸಂಪತ್ತಿನ ಮೇಲೋ ಎಂಬುದನ್ನು ಮೊದಲು ಗುರುತಿಸಬೇಕು. 1996ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಸ್ಥಾನದ ಆಕಾಂಕ್ಷಿ ಸ್ಟೀವ್ ಫೋರ್ಬ್ಸ್ ಶೇ. 17ರ ಏಕದರ ಆದಾಯ ತೆರಿಗೆಯನ್ನು ಮುಂದಿಟ್ಟರೆ, 2011ರಲ್ಲಿ ಅದೇ ಪಕ್ಷದ ಇನ್ನೊಬ್ಬ ಆಕಾಂಕ್ಷಿ ಹರ್ಮನ್ ಕೇನ್ ವೈಯಕ್ತಿಕ ಆದಾಯ, ಕಂಪನಿ, ಮಾರಾಟ ಮೂರಕ್ಕೂ ಶೇ. 9 ಎಂದರು. ಚರ್ಚೆಗೆ ಕೇನ್ ಯೋಜನೆಯೇ ಲೇಸು. ಮಾರಾಟ ತೆರಿಗೆಯು ಗಳಿಸಿದ್ದನ್ನೆಲ್ಲ ದಿನಸಿಗೇ ಸುರಿಯುವ ಬಡವನಿಗೆ ಹೆಚ್ಚು ಭಾರವೆಂಬುದನ್ನು, ಅಡಕೆ ಮಾರಿದ ದಿನವೇ ಅಂಗಡಿಯ ಬಾಕಿ ತೀರಿಸುವ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಆದಾಯ ಏರಿದಂತೆ ದರವೂ ಏರುವ ತೆರಿಗೆಯಲ್ಲಿ ಗರಿಷ್ಠ ದರವು ಇಡೀ ಆದಾಯಕ್ಕಲ್ಲ, ಮಿತಿ ಮೀರಿದ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆಂದು ಆರಂಭದಲ್ಲೇ ಹೇಳಿಬಿಡಿ. ಯಾರಾದರೊಬ್ಬರು ಇಲ್ಲಿ ಎಡವಿಯೇ ಎಡವುತ್ತಾರೆ. ಕೊನೆಗೆ, ತೆರಿಗೆ ಮಸೂದೆ ಅಮೆರಿಕದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲೇ ಹುಟ್ಟಬೇಕೆಂಬ ಅಲ್ಲಿನ ಸಂವಿಧಾನದ ನಿಯಮವನ್ನು ನೆನಪಿಸಿ, ಅಲ್ಲಿ ಬಹುಮತ ಸಿಗುವುದೇ ಎಂದು ಕೇಳಿ.