ದೀಪ ಹಚ್ಚುವ ಹೊತ್ತಿಗೆ ಮಾಯವಾಗುತ್ತಿದ್ದ ಕ್ಯಾಮೆರಾ

ಅಡಿಕೆ ಕೊಯ್ಲು ಶುರುವಾದರೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೇಯಿಸಿ ಹರವಿದ ಅಡಿಕೆ ದಿನಗಟ್ಟಲೆ ಹೊರಗೇ ಇರುತ್ತದೆ. ಮನೆಯಲ್ಲಿ ಅಮ್ಮ ಒಬ್ಬಳೇ, ನಾನು ಬೆಂಗಳೂರಿನಲ್ಲಿ. ಅದಕ್ಕೇ ಮೂರು ವೈಫೈ ಕ್ಯಾಮೆರಾ ಹಾಕಿದೆ. ಗೇಟಿಗೊಂದು, ಕೊಟ್ಟಿಗೆಗೊಂದು, ಅಂಗಳಕ್ಕೊಂದು. ಒಂದು ತಿಂಗಳೊಳಗೆ ಮೂರೂ ಕೈಕೊಟ್ಟವು. ಆ್ಯಪ್‌ನಲ್ಲಿ ಮೂರಕ್ಕೂ ಬರುತ್ತಿದ್ದದ್ದು ಒಂದೇ ಮಾತು: 'ಆಫ್‌ಲೈನ್'. ಆದರೆ ಒಂದೊಂದರ ಕಾರಣವೂ ಬೇರೆ ಬೇರೆಯಾಗಿತ್ತು.

ಸಹಾಯವಾಣಿಗೆ ಫೋನ್ ಮಾಡಿದರೆ ಮೊದಲು ಹೇಳುವುದೇ ರೀಸೆಟ್ ಮಾಡಿ ಅಂತ. ದಯವಿಟ್ಟು ಮೊದಲೇ ಅದನ್ನು ಮಾಡಬೇಡಿ. ರೀಸೆಟ್ ಮಾಡಿದರೆ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗುತ್ತದೆ, ತೊಂದರೆ ಎಲ್ಲಿತ್ತು ಅನ್ನುವುದು ಮಾತ್ರ ತಿಳಿಯುವುದಿಲ್ಲ. ಸಂಪರ್ಕ ತಪ್ಪಿದರೆ ಕ್ಯಾಮೆರಾದ ಪುಟ್ಟ ದೀಪ ಮಿಣುಕುತ್ತದೆ. ನಾನು ಅಮ್ಮನಿಗೆ ಹೇಳಿದ್ದು ಒಂದೇ ಕೆಲಸ. ಯಾವ ಕ್ಯಾಮೆರಾದ ದೀಪ ಯಾವಾಗ ಮಿಣುಕಲು ಶುರುವಾಯಿತು, ಯಾವಾಗ ನಿಂತಿತು, ಕ್ಯಾಲೆಂಡರಿನಲ್ಲಿ ಬರೆದಿಡು ಅಂತ. ಆಮೇಲೆ ಒಂದು ಶನಿವಾರ ಊರಿಗೆ ಹೋದೆ.

ಗೇಟಿನದ್ದು ಯಾವ ಹೊತ್ತಿಗೆ ಬೇಕಾದರೂ ಹೋಗುತ್ತಿತ್ತು, ಬರುತ್ತಿತ್ತು. ಹಾಗಾದರೆ ಸಿಗ್ನಲ್ಲೇ ಸಾಲದು ಅಂತ ಅನಿಸಿತು. ಫೋನಿಗೆ ವೈಫೈ ಅಳೆಯುವ ಉಚಿತ ಆ್ಯಪ್ ಹಾಕಿಕೊಂಡು, ಸ್ಟೂಲ್ ಹತ್ತಿ, ಕ್ಯಾಮೆರಾ ಪಕ್ಕದಲ್ಲೇ ಫೋನ್ ಹಿಡಿದೆ. ಮೈನಸ್ 84 ಡಿಬಿಎಂ. ಡಿಬಿಎಂ ಅಂದರೆ ಸಿಗ್ನಲ್‌ನ ಬಲದ ಅಳತೆ. ಈ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೂರು ಅಂಕಿ ಇಳಿದರೆ ಸಿಗ್ನಲ್‌ನ ಬಲ ಅರ್ಧವಾಯಿತು ಅಂತ ಲೆಕ್ಕ. ವಿಡಿಯೋ ನೆಟ್ಟಗೆ ಬರಬೇಕಾದರೆ ಮೈನಸ್ 67ರ ಆಸುಪಾಸು ಇರಬೇಕು. 80 ದಾಟಿದರೆ ನೆಚ್ಚಿಕೊಳ್ಳುವ ಹಾಗಿಲ್ಲ.

ರೌಟರ್ ಇದ್ದದ್ದು ನಡುಮನೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ. ಅಲ್ಲಿಂದ ಗೇಟಿಗೆ ಎರಡು ದಪ್ಪ ಜಂಬಿಟ್ಟಿಗೆ ಗೋಡೆ ಅಡ್ಡ. ಕಬ್ಬಿಣದ ಬೀರು ಸಿಗ್ನಲ್ಲನ್ನು ಕನ್ನಡಿಯ ಹಾಗೆ ವಾಪಸ್ ತಳ್ಳುತ್ತದೆ. ರೌಟರನ್ನು ಕಿಟಕಿ ಪಕ್ಕಕ್ಕೆ ತಂದೆ, ಮೈನಸ್ 74 ಆಯಿತು. ದುಡ್ಡು ಖರ್ಚಿಲ್ಲದೆ ಹತ್ತು ಅಂಕಿ, ಅಂದರೆ ಹತ್ತು ಪಟ್ಟು! ಉಳಿದದ್ದಕ್ಕೆ ಒಂದು ರಿಪೀಟರ್, ಅಂದರೆ ವೈಫೈ ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ, ತಂದೆ. ಅದನ್ನು ಗೇಟಿನ ಹತ್ತಿರ ಹಾಕಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ಅಲ್ಲಿ ರಿಪೀಟರಿಗೂ ಸಿಗುವುದು ಅದೇ ಸೊರಗಿದ ಸಿಗ್ನಲ್. ಅರ್ಧ ದಾರಿಯಲ್ಲಿ, ಜಗಲಿಯಲ್ಲಿ ಹಾಕಿದ ಮೇಲೆ ಗೇಟಿನ ಹತ್ತಿರ ಮೈನಸ್ 63 ಬಂತು. ಲ್ಯಾನ್ ಕೇಬಲ್ ಎಳೆದುಬಿಡಿ ಅಂತ ಪರಿಚಯದವರೊಬ್ಬರು ಹೇಳಿದ್ದರು. ನಮ್ಮ ಕಡೆಯ ಗುಡುಗು ಸಿಡಿಲಿಗೆ ಹೊರಗಿನಿಂದ ತಾಮ್ರದ ತಂತಿ ಎಳೆದು ರೌಟರಿಗೆ ಜೋಡಿಸಲು ನನಗೆ ಧೈರ್ಯ ಬರಲಿಲ್ಲ.

ಕೊಟ್ಟಿಗೆಯ ಕ್ಯಾಮೆರಾ ಅಕ್ಕ ಅಮೆರಿಕದಿಂದ ತಂದದ್ದು. ಮೂರು ವಾರ ಚೆನ್ನಾಗಿತ್ತು. ಒಂದು ಸಂಜೆ ಕರೆಂಟು ಹೋಗಿ ಬಂತು, ಅಷ್ಟೇ, ಆಮೇಲೆ ಅದು ಬರಲೇ ಇಲ್ಲ. ಅಲ್ಲಿ ಸಿಗ್ನಲ್ ಚೆನ್ನಾಗಿಯೇ ಇತ್ತು. ರೌಟರಿನ ಸೆಟ್ಟಿಂಗ್ ಪುಟ ತೆರೆದು ನೋಡಿದರೆ ಚಾನೆಲ್, ಅಂದರೆ ವೈಫೈ ಸಿಗ್ನಲ್ ಹೋಗುವ ದಾರಿ, 'ಆಟೊ'ದಲ್ಲಿತ್ತು. ಮರುಚಾಲನೆ ಆದಾಗ ಅದು ತಾನಾಗಿ 13ನೇ ಚಾನೆಲ್ ಹಿಡಿದಿತ್ತು. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಭಾರತದಲ್ಲಿ 13 ಚಾನೆಲ್ ಬಳಸಬಹುದು. ಅಮೆರಿಕಕ್ಕೆ ಮಾಡಿದ ಎಷ್ಟೋ ಸಾಮಾನು 11ರವರೆಗೆ ಮಾತ್ರ ಹುಡುಕುತ್ತವೆ. ಆ ಕ್ಯಾಮೆರಾದ ಪಾಲಿಗೆ ನಮ್ಮ ವೈಫೈ ಇರಲೇ ಇಲ್ಲ. ಚಾನೆಲ್ಲನ್ನು 6ಕ್ಕೆ ನಿಲ್ಲಿಸಿದೆ. ಒಂದು ನಿಮಿಷದಲ್ಲಿ ಎಮ್ಮೆ ಕಾಣಿಸಿತು.

ಅಂಗಳದ ಕ್ಯಾಮೆರಾ ಮಾತ್ರ ನನ್ನನ್ನು ಬಹಳ ಕಾಡಿತು. ಸಿಗ್ನಲ್ ಮೈನಸ್ 58. ಚಾನೆಲ್ ಸರಿ, ಪಾಸ್‌ವರ್ಡ್ ಸರಿ. ಹಗಲೆಲ್ಲ ಚಂದ ಚಿತ್ರ, ರಾತ್ರಿ ಪೂರ್ತಿ ಆಫ್‌ಲೈನ್. ಕಾವಲು ಬೇಕಾದದ್ದೇ ರಾತ್ರಿ ತಾನೆ! ಅಮ್ಮನ ಕ್ಯಾಲೆಂಡರ್ ಇಳಿಸಿ ನೋಡಿದೆ. 6.20, 6.25, 6.20, ಮೋಡ ಇದ್ದ ದಿನ 6.05.

"ಅಪ್ಪಿ, ಅದು ನಾನು ತುಳಸಿಗೆ ದೀಪ ಹಚ್ಚೋ ಹೊತ್ತಿಗೇ ಹೋಗೋದು. ಬೆಳಕು ಹರಿದ ಮೇಲೆ ತಾನಾಗೇ ಬರುತ್ತೆ" ಅಂದಳು ಅಮ್ಮ.

ಆ ಮಾತು ಕೇಳಿದ ಮೇಲೆ ನಾನು ವೈಫೈ ಬಗ್ಗೆ ಯೋಚಿಸುವುದನ್ನು ಬಿಟ್ಟೆ. ಕತ್ತಲಾದಾಗ ಕ್ಯಾಮೆರಾದೊಳಗೆ ಏನು ಬದಲಾಗುತ್ತದೆ? ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳು ಹತ್ತಿಕೊಳ್ಳುತ್ತವೆ. ಆಗ ಅದಕ್ಕೆ ಜಾಸ್ತಿ ಕರೆಂಟು ಬೇಕು. ಅಂಗಳದ ಕಂಬದಲ್ಲಿ ಪ್ಲಗ್ ಇಲ್ಲ ಅಂತ ನಾನೇ ಐದು ಮೀಟರಿನ ತೆಳು ಯುಎಸ್‌ಬಿ ಕೇಬಲ್ ಎಳೆದಿದ್ದೆ. ಉದ್ದದ ತೆಳು ತಂತಿಯಲ್ಲಿ ಕರೆಂಟು ಜಾಸ್ತಿ ಹರಿದಷ್ಟೂ ವೋಲ್ಟೇಜ್ ಕುಸಿಯುತ್ತದೆ. ಐದು ವೋಲ್ಟಿನಲ್ಲಿ ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋದರೆ ಕ್ಯಾಮೆರಾ ಆಫ್ ಆಗಿ, ಮತ್ತೆ ಆನ್ ಆಗಿ, ದೀಪ ಹತ್ತಿಸಿ, ಮತ್ತೆ ಆಫ್ ಆಗುತ್ತದೆ. ರಾತ್ರಿಯಿಡೀ ಅದೇ ಕಥೆ. ಆ್ಯಪ್‌ಗೆ ಇದು ಗೊತ್ತಾಗುವುದಿಲ್ಲ, ಅದು ಸುಮ್ನೆ 'ವೈಫೈ ಪರೀಕ್ಷಿಸಿ' ಅನ್ನುತ್ತದೆ.

ಖಚಿತ ಮಾಡಿಕೊಳ್ಳಲು ಅವತ್ತು ಸಂಜೆ ಐದೂವರೆಗೆ ಆ್ಯಪ್‌ನಲ್ಲಿ ನೈಟ್ ವಿಷನ್ ಆಫ್ ಮಾಡಿದೆ. ಕತ್ತಲಾಯಿತು, ಚಿತ್ರ ಕಪ್ಪಾಯಿತು, ಆದರೆ ಕ್ಯಾಮೆರಾ ಆಫ್‌ಲೈನ್ ಆಗಲಿಲ್ಲ. ಎಂಟು ಗಂಟೆಗೆ ಆನ್ ಮಾಡಿದೆ. ಕ್ಷಣದಲ್ಲಿ ಹೋಯಿತು. ನಿಮ್ಮ ಕ್ಯಾಮೆರಾವೂ ರಾತ್ರಿ ಮಾತ್ರ ಕೈಕೊಡುತ್ತಿದ್ದರೆ, ಹೊಸ ರೌಟರ್ ಕೊಳ್ಳುವ ಮೊದಲು ಇದೊಂದನ್ನು ಮಾಡಿ ನೋಡಿ. ಖರ್ಚಿಲ್ಲ.

ಮಾರನೇ ದಿನ ಎಲೆಕ್ಟ್ರಿಷಿಯನ್ ಕರೆಸಿ, ಪಿವಿಸಿ ಪೈಪಿನಲ್ಲಿ 230 ವೋಲ್ಟಿನ ವೈರನ್ನೇ ಕಂಬದವರೆಗೆ ತಂದೆವು. ಅಷ್ಟು ವೋಲ್ಟಿನಲ್ಲಿ ಕ್ಯಾಮೆರಾಗೆ ಬೇಕಾಗುವ ಕರೆಂಟು ತೀರಾ ಕಡಿಮೆ, ಹಾಗಾಗಿ ದೂರ ಲೆಕ್ಕಕ್ಕೆ ಬರುವುದಿಲ್ಲ. ಮಳೆ ನೀರು ಹೋಗದ ಡಬ್ಬಿಯಲ್ಲಿ ಪ್ಲಗ್ ಇಟ್ಟು, ಕ್ಯಾಮೆರಾ ಜೊತೆ ಬಂದಿದ್ದ ಅಡಾಪ್ಟರ್ ಮತ್ತು ಒಂದು ಮೀಟರಿನ ಕೇಬಲ್ಲನ್ನೇ ಹಾಕಿದೆ. ರಾತ್ರಿ ಬಸ್ಸಿಗೆ ಹೊರಡುವುದಿತ್ತು. ಸಾಗರದ ಬಸ್ ಸ್ಟ್ಯಾಂಡಿಗೆ ಬೇಗ ಬಂದು, ಆರೂಕಾಲಿಗೆ ಆ್ಯಪ್ ತೆರೆದು ಕೂತೆ. ಬಣ್ಣದ ಚಿತ್ರ ಕಪ್ಪು ಬಿಳುಪಾಯಿತು. ಹೋಗಲಿಲ್ಲ. ಅಮ್ಮ ತುಳಸಿ ಕಟ್ಟೆಯ ಮುಂದೆ ದೀಪ ಇಟ್ಟು, ಕ್ಯಾಮೆರಾ ಕಡೆ ತಿರುಗಿ ಫೋನ್ ಕಿವಿಗೆ ಹಿಡಿದಳು.

"ದೀಪ ಹಚ್ಚಿದೆ. ಕಾಣ್ತಾ ಇದೀನಾ?"

"ಕಾಣ್ತಾ ಇದೀಯಮ್ಮ."