ಹರಿದ ಮೇಲೇ ಐಟಂ: ಡಿ ಅಂಡ್ ಡಿ ಟೇಬಲ್ಲಿಗೆ ಮ್ಯಾಜಿಕ್ ಕಾರ್ಡು ತಂದ ನನ್ನ ಅನುಭವ

ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಕಾರ್ಡಾಟದ ಕಾರ್ಡುಗಳನ್ನೇ ಡಿ ಅಂಡ್ ಡಿಯಲ್ಲಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಟೇಬಲ್ ಸುತ್ತ ಕೂತು ಪಾತ್ರವಾಗಿ ಆಡುವ ಕಥೆಯಾಟ) ಮ್ಯಾಜಿಕ್ ಐಟಂ, ಅಂದರೆ ಪಾತ್ರಕ್ಕೆ ಸಿಗುವ ಮಾಯದ ವಸ್ತು, ಅಂತ ಹಂಚ್ತೀನಿ ಅಂದಾಗ ಮೂಗು ಮುರಿದವರೇ ಹೆಚ್ಚು. ಬ್ಯಾಲೆನ್ಸ್ ಹಾಳಾಗುತ್ತೆ ಅಂದರು. ಎರಡು ಆಟದ ನಿಯಮ ಒಟ್ಟಿಗೆ ಯಾರು ತಲೆಯಲ್ಲಿ ಇಟ್ಕೊಳ್ತಾರೆ ಅಂದರು. ಮೊದಲ ಎರಡು ಕ್ಯಾಂಪೇನ್‌ಗಳಲ್ಲಿ (ಹಲವು ಸೆಷನ್ ಓಡುವ ಕಥೆ) ಅವರ ಮಾತೇ ನಿಜವಾಯಿತು. ಮೂರನೆಯದು ನಾಲ್ಕು ಆಟಗಾರರ ಜೊತೆ ಮೂವತ್ತರ ಹತ್ತಿರ ಸೆಷನ್ ಓಡಿದೆ, 3ನೇ ಲೆವೆಲ್ಲಿನಿಂದ 9ಕ್ಕೆ ಬಂದಿದೆ. ಈಗ ಮೂಗು ಮುರಿದವರೇ ಪಟ್ಟಿ ಕೇಳುತ್ತಿದ್ದಾರೆ. ನಾನು ಆಡಿಸುವುದು 2014ರ ಐದನೇ ಎಡಿಷನ್. ಕೆಳಗಿನ ಲೆಕ್ಕವೆಲ್ಲ ಅದಕ್ಕೇ.

ಕೆಲಸ ಮಾಡಿದ್ದು ಒಂದೇ ವಿಷಯ: ಕಾರ್ಡಿನ ರಟ್ಟಿಗೆ ಏನಾಗುತ್ತೋ ಐಟಂಗೂ ಅದೇ ಆಗಬೇಕು. ಕಾರ್ಡು ನೇರವಾಗಿದ್ದರೆ ಐಟಂ ಸಿದ್ಧ. ಅಡ್ಡ ತಿರುಗಿಸಿದರೆ ಬಳಸಿದ ಹಾಗೆ, ಮುಂದಿನ ಲಾಂಗ್ ರೆಸ್ಟ್‌ವರೆಗೆ (ಪಾತ್ರಗಳ ರಾತ್ರಿ ನಿದ್ದೆ) ಖಾಲಿ. ಕ್ಯಾರೆಕ್ಟರ್ ಶೀಟಿನ ಅಡಿಗೆ ತಳ್ಳಿದರೆ ಅಟ್ಯೂನ್ ಆಗಿದೆ (ಐಟಂ ಆ ಪಾತ್ರಕ್ಕೆ ಒಗ್ಗಿದೆ), ಅಲ್ಲಿ ಮೂರೇ ಜಾಗ. ಬೇರೆಯವರಿಗೆ ಕೊಡಬೇಕೆಂದರೆ ಎದ್ದು ಕೈಗೆ ಕೊಡಬೇಕು, ಕಾದಾಟದ ನಡುವೆ ಅದಕ್ಕೆ ಒಂದು ಆಕ್ಷನ್ (ಸರದಿಯ ಮುಖ್ಯ ಕೆಲಸ) ಹೋಗುತ್ತೆ. ಹರಿದರೆ ಆ ಒಂದು ಸಲದ ಬಳಕೆಗೆ ಐಟಂ ಮುಗೀತು. ಚಾರ್ಜ್ ಎಣಿಸಿ ಪೆನ್ಸಿಲ್ಲಲ್ಲಿ ಗೀಚುವ ಕೆಲಸ ಹೋಯಿತು. "ಅದು ಬಳಸಿದ್ಯಾ, ಇಲ್ವಾ?" ಅನ್ನುವ ಜಗಳವೂ ಹೋಯಿತು.

ಐಡೆಂಟಿಫೈ ಆಗದ (ಏನೆಂದು ಪಾತ್ರಕ್ಕೆ ಇನ್ನೂ ಗೊತ್ತಿಲ್ಲದ) ಐಟಂ ಕೊಡುವಾಗ ಕಾರ್ಡನ್ನು ಬರೀ ಮಗುಚಿ ಇಟ್ಟರೆ ಯಾರಾದರೂ ಇಣುಕದೆ ಬಿಡುವುದಿಲ್ಲ. ಹಿಂಬದಿ ಅಪಾರದರ್ಶಕವಾಗಿರುವ ಸ್ಲೀವ್ (ಕಾರ್ಡಿನ ಪ್ಲಾಸ್ಟಿಕ್ ಕವರ್) ತಗೊಂಡು ಕಾರ್ಡನ್ನು ಉಲ್ಟಾ ತುಂಬಿ. ಪಾರದರ್ಶಕ ಬದಿಯಲ್ಲಿ ಕಾರ್ಡಿನ ಬೆನ್ನು ಮಾತ್ರ ಕಾಣುತ್ತೆ, ಮುಖ ಸ್ಲೀವಿನ ಬಣ್ಣದ ಬದಿಗೆ ಅಂಟಿಕೊಂಡಿರುತ್ತೆ. ಶಾರ್ಟ್ ರೆಸ್ಟ್ (ಪಾತ್ರಗಳ ಸಣ್ಣ ವಿರಾಮ) ಆದಮೇಲೆ ಹೊರಗೆ ಎಳೆದು ಸರಿಯಾಗಿ ಹಾಕಿಕೊಳ್ಳಲಿ. ಆ ಎಳೆಯುವ ಕ್ಷಣಕ್ಕೆ ಟೇಬಲ್ ಪೂರ್ತಿ ಬಗ್ಗಿ ನೋಡುತ್ತೆ.

ಇನ್ನು ಕೈ ಸುಟ್ಟುಕೊಂಡ ಲೆಕ್ಕ.

ಮೊದಲ ತಪ್ಪು, ಕಾರ್ಡಿನ ಸಂಖ್ಯೆಯನ್ನು ಹಾಗೇ ತಂದದ್ದು. ಜೈಂಟ್ ಗ್ರೋತ್ ಕಾರ್ಡು ಬಲಕ್ಕೂ ತಾಳಿಕೆಗೂ +3/+3 ಕೊಡುತ್ತೆ ಅಂತ ದಾಳಿಗೂ ಎಸಿಗೂ (ಏಟು ತಾಗಲು ಎದುರಾಳಿ ಮುಟ್ಟಬೇಕಾದ ಸಂಖ್ಯೆ) 3 ಸೇರಿಸಿದೆ. ಪ್ಲೇಟ್ ಕವಚ 18, ಗುರಾಣಿ 2, ಈ 3 ಸೇರಿ ಎಸಿ 23. ಗಾಬ್ಲಿನ್‌ಗೆ ಇರುವುದು +4, ಅಂದರೆ ಇಪ್ಪತ್ತು ಮುಖದ ಡೈಸಿನಲ್ಲಿ (ಡಿ20) 19 ಅಥವಾ 20 ಬಿದ್ದರೆ ಮಾತ್ರ ಏಟು. ಎಂಟು ಗಾಬ್ಲಿನ್ ಸುತ್ತ ನಿಂತು ಗಾಳಿಗೆ ಕತ್ತಿ ಬೀಸಿದವು. ಐದನೇ ಎಡಿಷನ್ನಿನಲ್ಲಿ ಡಿ20 ಪಕ್ಕ ಕೂರುವ ಯಾವ ಸಂಖ್ಯೆಯನ್ನೂ ಕಾರ್ಡಿನಿಂದ ಮುಟ್ಟಬೇಡಿ. ಕಾರ್ಡಿನ ಸಂಖ್ಯೆ ಡ್ಯಾಮೇಜ್ ಡೈಸಿಗೆ, ಟೆಂಪರರಿ ಎಚ್‌ಪಿಗೆ (ತಾತ್ಕಾಲಿಕ ಜೀವಬಲ), ನಡೆಯುವ ಅಡಿಗೆ ಹೋಗಲಿ, ಅಷ್ಟೇ. ನನ್ನ ದರ: ಒಂದು ಪಾಯಿಂಟಿಗೆ ತಿರುಗಿಸಿದರೆ 1ಡಿ6 (ಆರು ಮುಖದ ಒಂದು ಡೈಸ್), ಹರಿದರೆ 2ಡಿ6. ಲೈಟ್ನಿಂಗ್ ಬೋಲ್ಟ್ 3 ಪಾಯಿಂಟ್, ಹರಿದರೆ 6ಡಿ6, ಸರಾಸರಿ 21. ಡಿ ಅಂಡ್ ಡಿಯ ಫೈರ್‌ಬಾಲ್ 8ಡಿ6, ಸರಾಸರಿ 28, ಅದೂ ಗುಂಪಿನ ಮೇಲೆ. ಹಾಗಾಗಿ ಮಂತ್ರ ಹಾಕುವ ವಿಜರ್ಡ್‌ಗೆ ಹೊಟ್ಟೆ ಉರಿಯುವುದಿಲ್ಲ.

ಎರಡನೇ ತಪ್ಪು, ಎರಡೂ ಆಟದಲ್ಲಿರುವ ಒಂದೇ ಪದಕ್ಕೆ ಒಂದೇ ಅರ್ಥ ಅಂದುಕೊಂಡದ್ದು. ಮ್ಯಾಜಿಕ್‌ನಲ್ಲಿ ಹೇಸ್ಟ್ ಅಂದರೆ ಬಂದ ಸರದಿಯಲ್ಲೇ ದಾಳಿ ಮಾಡಬಹುದು ಅಂತ ಮಾತ್ರ. ಡಿ ಅಂಡ್ ಡಿಯಲ್ಲಿ ಹೇಸ್ಟ್ ಮೂರನೇ ಲೆವೆಲ್ ಸ್ಪೆಲ್: ವೇಗ ದುಪ್ಪಟ್ಟು, ಎಸಿ +2, ಹೆಚ್ಚಿಗೆ ಆಕ್ಷನ್. ಲೈಟ್ನಿಂಗ್ ಗ್ರೀವ್ಸ್ ಅನ್ನುವ ಬೂಟಿನ ಕಾರ್ಡಿನಲ್ಲಿ ಈ ಪದ ನೋಡಿ ಸ್ಪೆಲ್ಲನ್ನೇ ಕೊಟ್ಟುಬಿಟ್ಟೆ. ಸಾಲದ್ದಕ್ಕೆ ಆ ಕಾರ್ಡಿನ ಎಕ್ವಿಪ್ (ತೊಡಿಸುವ) ವೆಚ್ಚ ಸೊನ್ನೆ. ಒಂದೇ ಸುತ್ತಿನಲ್ಲಿ ಬೂಟು ನಾಲ್ಕು ಜನರ ಕಾಲು ಸುತ್ತಿ ಬಂತು. ಕೈ ಬದಲಿಸಲು ಒಂದು ಆಕ್ಷನ್ ಅನ್ನುವ ನಿಯಮ ಹುಟ್ಟಿದ್ದು ಆ ರಾತ್ರಿಯೇ.

ಈಗ ಕಾರ್ಡಿನ ಮೇಲಿನ ಇಂಥ ಪದಗಳಿಗೆಲ್ಲ ನನ್ನದೇ ಅರ್ಥ. ಹೇಸ್ಟ್ ಅಂದರೆ ಇನಿಶಿಯೇಟಿವ್‌ಗೆ (ಕಾದಾಟದಲ್ಲಿ ಯಾರ ಸರದಿ ಮೊದಲು) ಅಡ್ವಾಂಟೇಜ್, ಎರಡು ಡೈಸ್ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು. ವಿಜಿಲೆನ್ಸ್ ಇದ್ದರೆ ಸರ್ಪ್ರೈಸ್ ಆಗುವುದಿಲ್ಲ. ಟ್ರ್ಯಾಂಪಲ್ ಅಂದರೆ ಸತ್ತವನ ಮೇಲೆ ಉಳಿದ ಡ್ಯಾಮೇಜ್ ಪಕ್ಕದವನಿಗೆ. ರೀಚ್ ಅಂದರೆ 5 ಅಡಿ ಹೆಚ್ಚು. ಲೈಫ್‌ಲಿಂಕ್ ಕೊಡುವುದು ಹೊಡೆದದ್ದರ ಅರ್ಧ, ಅದೂ ಟೆಂಪರರಿ ಎಚ್‌ಪಿ ಮಾತ್ರ. ಫ್ಲ್ಯಾಶ್ ಇದ್ದರೆ ರಿಯಾಕ್ಷನ್ನಲ್ಲಿ (ಬೇರೆಯವರ ಸರದಿಯ ನಡುವೆ) ಬಳಸಬಹುದು. ಡೆತ್‌ಟಚ್‌ಗೆ ನನ್ನ ಹತ್ತಿರ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯಲ್ಲ, ನನ್ನ ಟೇಬಲಿನವರೂ ಓದ್ತಾರೆ.

ಶ್ರೌಡ್ ಮತ್ತು ಹೆಕ್ಸ್‌ಪ್ರೂಫ್ ಬೇರೆ ಬೇರೆ ಅನ್ನುವುದನ್ನು ಮಾತ್ರ ಕಾರ್ಡಿನಲ್ಲಿ ಇದ್ದ ಹಾಗೇ ಉಳಿಸಿದೆ, ಇದು ಸೊಗಸಾಗಿ ಕೂರುತ್ತೆ. ವಿಸ್ಪರ್‌ಸಿಲ್ಕ್ ಕ್ಲೋಕ್ ನೋಡಿ: ತಡೆಯಲಾಗದು, ಶ್ರೌಡ್ ಇದೆ. ನನ್ನ ಟೇಬಲ್ಲಿನಲ್ಲಿ ತಿರುಗಿಸಿದರೆ ಒಂದು ನಿಮಿಷ ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯುವಾಗ ಶತ್ರು ಕೊಡುವ ಏಟು) ಇಲ್ಲ, ಯಾವ ಸ್ಪೆಲ್ಲೂ ಅವರನ್ನು ಗುರಿ ಮಾಡುವಂತಿಲ್ಲ. ಯಾವ ಸ್ಪೆಲ್ಲೂ ಅಂದರೆ ನಮ್ಮ ಕ್ಲೆರಿಕ್‌ನ ಗಾಯ ಮಾಯಿಸುವ ಕ್ಯೂರ್ ವೂಂಡ್ಸ್ ಕೂಡ! ಕ್ಲೋಕ್ ತೊಟ್ಟ ರೋಗ್ (ಕಳ್ಳನ ಪಾತ್ರ) ಸೊನ್ನೆ ಎಚ್‌ಪಿಯಲ್ಲಿ ಬಿದ್ದಿರುವಾಗ ಕ್ಲೆರಿಕ್ ಕೈ ಚಾಚಿ ಸುಮ್ಮನೆ ನಿಲ್ಲಬೇಕಾಯಿತು. ಹೀಲಿಂಗ್ ಪೋಷನ್ ಸ್ಪೆಲ್ ಅಲ್ಲ, ಅದು ಕೆಲಸ ಮಾಡುತ್ತೆ. ಅದು ಹೊಳೆಯಲು ಅವರಿಗೆ ಎರಡು ಸುತ್ತು ಬೇಕಾಯಿತು. ಸ್ವಿಫ್ಟ್‌ಫುಟ್ ಬೂಟ್ಸ್‌ನಲ್ಲಿರುವುದು ಹೆಕ್ಸ್‌ಪ್ರೂಫ್, ಅದು ಶತ್ರುವಿನದ್ದನ್ನು ಮಾತ್ರ ತಡೆಯುತ್ತೆ.

ಮೂರನೇ ತಪ್ಪು, ಮನಾ ವೆಚ್ಚವನ್ನು (ಮ್ಯಾಜಿಕ್‌ನಲ್ಲಿ ಕಾರ್ಡು ಆಡಲು ತೆರುವ ಶಕ್ತಿ) ನಂಬಿದ್ದು. ವೆಚ್ಚ ಕಡಿಮೆ ಇದ್ದರೆ ಐಟಂ ಚಿಕ್ಕದು ಅಂದುಕೊಂಡರೆ 1993ರ ಕಾರ್ಡುಗಳು ನಿಮ್ಮ ಮನೆ ಮುಳುಗಿಸುತ್ತವೆ. ಸ್ವೋರ್ಡ್ಸ್ ಟು ಪ್ಲೌಶೇರ್ಸ್ (ಕತ್ತಿ ಹೋಗಿ ನೇಗಿಲಾಗಲಿ ಅಂತ ಹೆಸರು) ಒಂದೇ ಬಿಳಿ ಮನಾ, ಯಾವ ಪ್ರಾಣಿಯನ್ನಾದರೂ ಎಕ್ಸೈಲ್ ಮಾಡುತ್ತೆ, ಅಂದರೆ ಆಟದಿಂದಲೇ ಆಚೆ ಹಾಕುತ್ತೆ. ಎರಡನೇ ಕ್ಯಾಂಪೇನಿನ ಮುಖ್ಯ ಖಳ ಮೊದಲ ಸುತ್ತಿನಲ್ಲೇ ಹೋದ. ಈಗ ತೆಗೆದುಹಾಕುವ ಕಾರ್ಡಿಗೆಲ್ಲ ಮಿತಿ ಇದೆ: ಶತ್ರುವಿನ ಸಿಆರ್ (ಎಷ್ಟು ಕಠಿಣ ಅನ್ನುವ ಅಂಕ) ಪಾತ್ರದ ಲೆವೆಲಿನ ಅರ್ಧ ಮೀರಬಾರದು. ಮೀರಿದರೆ ಒಂದು ಸರದಿ ಆಯುಧ ಕೆಳಗಿಡುತ್ತಾನೆ, ಅಷ್ಟೇ. ಮೀರದಿದ್ದರೆ ನಿಜವಾಗಿಯೂ ಕತ್ತಿ ಬಿಸಾಕಿ ಹೊಲಕ್ಕೆ ಹೋಗುತ್ತಾನೆ. ಹಾಗೆ ಹೋದ ಒಬ್ಬ ಕ್ಯಾಪ್ಟನ್ ಆರು ಸೆಷನ್ ಆದಮೇಲೆ ಉಳುಮೆ ಮಾಡುತ್ತಾ ಸಿಕ್ಕಿದ, ಪಾರ್ಟಿಗೆ ಊಟ ಹಾಕಿದ.

"ಕಾರ್ಡು ಎಳೆಯಿರಿ" ಅನ್ನುವ ನೀಲಿ ಕಾರ್ಡುಗಳೂ ಹೀಗೇ. ಐಟಂ ಗುಡ್ಡೆಯಿಂದ ಎಳೆಯಲು ಬಿಟ್ಟರೆ ಐಟಂ ಐಟಂನ್ನೇ ಹೆರುತ್ತಾ ಹೋಗುತ್ತೆ. ಈಗ ಒಂದು ಎಳೆತಕ್ಕೆ ಡಿಎಂ (ಆಟ ನಡೆಸುವವನು, ಅಂದರೆ ನಾನು) ಹತ್ತಿರ ಹೌದು-ಇಲ್ಲ ಅನ್ನುವ ಒಂದು ಪ್ರಶ್ನೆ. ಡಿವಿನೇಷನ್ ಎರಡು ಪ್ರಶ್ನೆ, ಆನ್ಸೆಸ್ಟ್ರಲ್ ರಿಕಾಲ್ (ಪ್ರಿಂಟ್ ಹಾಕಿದ್ದು, ಅಸಲಿ ಕೊಳ್ಳಲು ನನ್ನ ಹತ್ತಿರ ಸೈಟ್ ಇಲ್ಲ ಮಾರೋಕೆ) ಮೂರು.

ಕಾರ್ಡು ತಿರುಗಿಸಿ ಬಳಸುವಾಗ ಹಾಕುವ ಚೆಕ್: ಡಿ20, ಕಾರ್ಡಿನ ಬಣ್ಣಕ್ಕೆ ತಕ್ಕ ಅಬಿಲಿಟಿ, ಪ್ರೊಫಿಶಿಯೆನ್ಸಿ (ಲೆವೆಲ್ಲಿನ ಜೊತೆ ಏರುವ ಬೋನಸ್) ಮೂರನ್ನೂ ಕೂಡಿಸಿ. ಮುಟ್ಟಬೇಕಾದ ಸಂಖ್ಯೆ (ಡಿಸಿ) 10 ಮತ್ತು ಮನಾ ವೆಚ್ಚ ಕೂಡಿದರೆ ಬರುವಷ್ಟು, 17 ದಾಟಬಾರದು. ಬಿಳಿಗೆ ವಿಸ್‌ಡಮ್, ನೀಲಿಗೆ ಇಂಟೆಲಿಜೆನ್ಸ್, ಕೆಂಪಿಗೆ ಕರಿಷ್ಮಾ, ಹಸಿರಿಗೆ ಸ್ಟ್ರೆಂತ್. ಐದನೇ ಲೆವೆಲಿನವರು ತಮ್ಮ ಬಣ್ಣದಲ್ಲಿ +6 ತಂದರೆ ಮೂರು ಮನಾ ಕಾರ್ಡು ಶೇ 70 ಸಲ ಕೆಲಸ ಮಾಡುತ್ತೆ. ಹೊಂದದ ಬಣ್ಣ, +2 ಆದರೆ ಅರ್ಧಕ್ಕರ್ಧ. ಸೋತರೂ ಕಾರ್ಡು ತಿರುಗಲೇಬೇಕು. ಕಪ್ಪು ಬಣ್ಣಕ್ಕೆ ಚೆಕ್ ಇಲ್ಲ, ಮನಾ ವೆಚ್ಚದಷ್ಟು ಹಿಟ್ ಡೈಸ್ (ವಿರಾಮದಲ್ಲಿ ಎಚ್‌ಪಿ ವಾಪಸ್ ಪಡೆಯುವ ಡೈಸ್) ಸುಡಬೇಕು. ಸಂಖ್ಯೆಯ ಬದಲು ಎಕ್ಸ್ ಇರುವ ಯಾವ ಕಾರ್ಡಿಗಾದರೂ ಎಕ್ಸ್ ಅಂದರೆ ನೀವು ಸುಡುವ ಹಿಟ್ ಡೈಸ್. ಬಣ್ಣವಿಲ್ಲದ ಆರ್ಟಿಫ್ಯಾಕ್ಟಿಗೆ ಚೆಕ್ ಇಲ್ಲ, ಅಟ್ಯೂನ್ ಕಡ್ಡಾಯ. ಹರಿಯುವುದಕ್ಕೆ ಯಾವತ್ತೂ ಚೆಕ್ ಇಲ್ಲ.

ಐಟಂ ಹಂಚುವ ಗುಡ್ಡೆ 40 ಕಾರ್ಡಿನದು, ಹತ್ತು ಹನ್ನೆರಡು ಸೆಷನ್ನಿಗೆ ಸಾಕು. ಸೆಟ್ ಚಿಹ್ನೆಯ (ಯಾವ ಕಂತಿನ ಕಾರ್ಡು ಅಂತ ತೋರಿಸುವ ಗುರುತು) ಬಣ್ಣ ಕಾರ್ಡು ಎಷ್ಟು ಅಪರೂಪ ಅಂತ ಹೇಳುತ್ತೆ, ಮನಾ ಬಣ್ಣ ಬೇರೆ. ಅದನ್ನು ನೋಡಿ ವಿಂಗಡಿಸಿ: ಕಪ್ಪು 24, ಬೆಳ್ಳಿ 11, ಚಿನ್ನ 4, ಕಿತ್ತಳೆ 1. ಕಪ್ಪು ಚಿಹ್ನೆಯದನ್ನು (ಕಾಮನ್) ಹರಿಯಬಹುದು, ತಿರುಗಿಸುವಂತಿಲ್ಲ. ಬೆಳ್ಳಿಯನ್ನು ತಿರುಗಿಸಬಹುದು, ಹರಿಯಲೂಬಹುದು. ಚಿನ್ನ, ಕಿತ್ತಳೆಗೆ ಅಟ್ಯೂನ್ ಬೇಕು. 1998ರ ಎಕ್ಸೋಡಸ್‌ಗಿಂತ ಹಳೆಯ ಸೆಟ್ಟಿನ ಕಾರ್ಡುಗಳಲ್ಲಿ ಚಿಹ್ನೆಯ ಬಣ್ಣ ಏನೂ ಹೇಳುವುದಿಲ್ಲ, ನೀವೇ ತೀರ್ಮಾನಿಸಿ.

ಗಂಟು ಕಟ್ಟಿ ಇಟ್ಟುಕೊಳ್ಳುವ ಚಾಳಿಗೆ ಮದ್ದು: ಅಟ್ಯೂನ್ ಬಿಟ್ಟು ಕೈಯಲ್ಲಿ ಮೂರೇ ಕಾರ್ಡು. ನಾಲ್ಕನೆಯದು ಬಂದರೆ ಆ ಸೆಷನ್ ಮುಗಿಯುವಷ್ಟರಲ್ಲಿ ಒಂದನ್ನು ಹರಿಯಿರಿ, ಇಲ್ಲ ಗುಡ್ಡೆಗೆ ವಾಪಸ್. ಮೊದಲ ಹರಿತಕ್ಕೆ ಎಲ್ಲರೂ ಹಿಂಜರಿಯುತ್ತಾರೆ. ನಿಜವಾದ ಕಾರ್ಡನ್ನೇ ಹರಿಯಬೇಕು, ಡಬ್ಬಕ್ಕೆ ಹಾಕಿ "ಹರಿದ ಹಾಗೆ" ಅನ್ನಬೇಡಿ, ಅದರಿಂದ ಏನೂ ಆಗಲ್ಲ. ಉದ್ದ ಅಂಚಿನ ನಡುವೆ ಕತ್ತರಿಯಿಂದ ಒಂದು ಕಚ್ಚು ಮೊದಲೇ ಹಾಕಿಟ್ಟರೆ ನೆಟ್ಟಗೆ ಹರಿಯುತ್ತೆ. ಹರಿದ ಅಂಚಿನಲ್ಲಿ ತೆಳ್ಳಗೆ ನೀಲಿ ಗೆರೆ ಕಾಣುತ್ತೆ, ಅಸಲಿ ಕಾರ್ಡಿನ ಒಳಪದರ ಅದು.

ಹರಿಯುವ ಮುಂಚೆ ಬೆಲೆ ನೋಡಿ, ದಯವಿಟ್ಟು. ಕಪ್ಪು ಚಿಹ್ನೆ ಅಂದರೆ ಅಗ್ಗ ಅಂತಲ್ಲ. ರಿಸ್ಟಿಕ್ ಸ್ಟಡಿ 2000ದ ಪ್ರೊಫೆಸಿ ಸೆಟ್ಟಿನಲ್ಲಿ ಕಾಮನ್ ಆಗಿ ಬಂದದ್ದು, ಇವತ್ತು ಅದನ್ನು ಹರಿದರೆ ಮನೆಯಲ್ಲಿ ಹೇಳಲಾಗದಷ್ಟು ದುಡ್ಡು ಹೋಗುತ್ತೆ.

ದುಡ್ಡಿನ ವಿಷಯಕ್ಕೆ ಬಂದರೆ, ಶುರುವಿನಲ್ಲಿ ಬೂಸ್ಟರ್ ಪ್ಯಾಕನ್ನೇ (ಒಳಗೆ ಯಾವ ಕಾರ್ಡಿದೆ ಅಂತ ಗೊತ್ತಾಗದ ಪೊಟ್ಟಣ) ನಿಧಿಯಾಗಿ ಕೊಟ್ಟೆ. ಒಡೆಯುವಾಗ ಮಜಾ ಬರುತ್ತೆ, ನಿಜ. ಹನ್ನೊಂದು ಪ್ಯಾಕ್, ನಾಲ್ಕು ಸಾವಿರದ ಆಸುಪಾಸು, ಐಟಂ ಆಗುವ ಯೋಗ್ಯತೆ ಇದ್ದದ್ದು ನಲವತ್ತು ಕಾರ್ಡಿಗೆ. ದುಡ್ಡು ನೀರಿಗೆ ಹಾಕಿದಂತೆ. ಈಗಿನ ದಾರಿ ಬೇರೆ: ಡ್ರಾಫ್ಟ್ (ಅಲ್ಲೇ ಪ್ಯಾಕ್ ಒಡೆದು ಕಾರ್ಡು ಆರಿಸಿ ಆಡುವ ಪಂದ್ಯ) ಮುಗಿದ ಟೇಬಲ್ ಹುಡುಕಿ. ಎಂಟು ಜನ ಮೂರು ಮೂರು ಪ್ಯಾಕ್ ಒಡೆದರೆ ಮುನ್ನೂರು ಚಿಲ್ಲರೆ ಕಾರ್ಡು, ಅದರಲ್ಲಿ ಬಹುಪಾಲು ಕಾಮನ್‌ಗಳನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ನನಗೆ ಬಿದ್ದ ಒಟ್ಟು ಖರ್ಚು, ನೆನಪಿನಿಂದ: ಬಲ್ಕ್ (ರಾಶಿ ಲೆಕ್ಕದ ಅಗ್ಗದ) 300 ಕಾರ್ಡಿಗೆ 1,200, ನೂರು ಸ್ಲೀವಿಗೆ 700, ಚಿನ್ನದ ಚಿಹ್ನೆಯ ಬಿಡಿ ಕಾರ್ಡುಗಳಿಗೆ 1,400, ಪ್ರಿಂಟಿಗೆ 180. ಮೂರೂವರೆ ಸಾವಿರಕ್ಕೆ ಸ್ವಲ್ಪ ಕಮ್ಮಿ. ಕಾರ್ಡಿನ ಅಳತೆ 63×88 ಮಿ.ಮೀ., ಎ4 ಹಾಳೆಯಲ್ಲಿ ಒಂಬತ್ತು ಕೂರುತ್ತವೆ. ಪ್ರಿಂಟಿಗೆ ದಪ್ಪ ಹಾಳೆ ಬೇಡ, ಸಾಮಾನ್ಯ ಹಾಳೆಯಲ್ಲಿ ತೆಗೆದು ಸ್ಲೀವಿನಲ್ಲಿ ಬಲ್ಕ್ ಕಾರ್ಡಿನ ಮುಂದೆ ತೂರಿಸಿ.

ಫಾಯಿಲ್ (ಮಿನುಗುವ ಪದರದ) ಕಾರ್ಡು ಗುಡ್ಡೆಗೆ ಹಾಕಬೇಡಿ. ಕಾಗದ ತೇವ ಹೀರಿ ಹಿಗ್ಗುತ್ತೆ, ಫಾಯಿಲ್ ಪದರ ಹಿಗ್ಗಲ್ಲ, ಹಾಗಾಗಿ ಮುಖದ ಕಡೆಗೆ ಬಾಗುತ್ತೆ. ಕರಾವಳಿಯ ಮಳೆಗಾಲದಲ್ಲಿ ಒಂದು ವಾರ ಹೊರಗಿಟ್ಟರೆ ದೊನ್ನೆಯಾಗುತ್ತೆ, ಕಣ್ಣು ಮುಚ್ಚಿಯೂ ಗುಡ್ಡೆಯಲ್ಲಿ ಪತ್ತೆ ಹಚ್ಚಬಹುದು.

ಪಕ್ಕದ ಪ್ರಯೋಗಗಳೂ ಆದವು. ಮ್ಯಾಜಿಕ್‌ನಲ್ಲಿ ಮನಾ ಕೊಡುವ ಲ್ಯಾಂಡ್ ಕಾರ್ಡುಗಳನ್ನು ಮನಾ ಅಂತಲೇ ಹಂಚಿ ನೋಡಿದೆ, ಪ್ರತಿ ಕಾದಾಟಕ್ಕೆ ಇಪ್ಪತ್ತು ನಿಮಿಷ ಹೆಚ್ಚಾಯಿತು, ಕೈಬಿಟ್ಟೆ. ಅದರಲ್ಲಿ ಉಳಿದದ್ದು ಒಂದು: ಫಾರೆಸ್ಟ್ ಅನ್ನುವ ಲ್ಯಾಂಡ್ ಹರಿದರೆ ಕಾಡಿನಲ್ಲಿ ಯಾರೂ ತೊಂದರೆ ಕೊಡದ ಒಂದು ಶಾರ್ಟ್ ರೆಸ್ಟ್. ಯು-ಗಿ-ಓ ಕಾರ್ಡು ಬೆರೆಸಲು ಹೋದೆ, ಅವು 59×86, ಮ್ಯಾಜಿಕ್ ಸ್ಲೀವಿನಲ್ಲಿ ಗಿಲಕಿಯಂತೆ ಆಡುತ್ತವೆ. ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತಿದ್ದ ಕುಸ್ತಿಪಟುಗಳ ಟ್ರಂಪ್ ಕಾರ್ಡು ನೆನಪಿದೆಯಲ್ಲ, ಅದನ್ನು ಒಂದು ಅರೀನಾ ಸೆಷನ್ನಿಗೆ ಬಳಸಿದೆ. ಡೀಮನ್ ಎದುರು ಬಂದಾಗ ಡೈಸ್ ಇಲ್ಲ, "ಬೈಸೆಪ್ಸ್!" ಅಂತ ಕೂಗಿ ಕಾರ್ಡು ಬಡಿಯಬೇಕು. ಮತ್ತೆ ಮಾಡಲ್ಲ, ಆದರೆ ಆ ರಾತ್ರಿ ಅಷ್ಟು ನಕ್ಕಿದ್ದು ಇನ್ಯಾವತ್ತೂ ಇಲ್ಲ.

2011ರ ಇನ್ನಿಸ್ಟ್ರಾಡ್‌ನಿಂದ ಬಂದ ಎರಡು ಮುಖದ ಕಾರ್ಡುಗಳು ಶಾಪಗ್ರಸ್ತ ಐಟಂಗೆ ಹೇಳಿ ಮಾಡಿಸಿದಂತಿವೆ. ಅಪಾರದರ್ಶಕ ಸ್ಲೀವಿನಲ್ಲಿ ಹಿಂದಿನ ಮುಖ ಕಾಣುವುದಿಲ್ಲ. ಆಟಗಾರರಿಗೆ ಗೊತ್ತಾಗದ ಹಾಗೆ ಅದನ್ನು ಹೇಗೆ ಮಗುಚುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಈಗ ಸಾಗಾ ಕಾರ್ಡು ಪ್ರಯೋಗದಲ್ಲಿದೆ. 2018ರ ಡೊಮಿನೇರಿಯಾದವು, ಒಂದೊಂದರಲ್ಲಿ ಮೂರು ಅಧ್ಯಾಯ. ಸೆಷನ್ನಿಗೆ ಒಂದು ಅಧ್ಯಾಯ ತಾನಾಗಿ ನಡೆಯುತ್ತೆ, ಮೂರನೆಯದು ಮುಗಿದೊಡನೆ ಹರಿಯಬೇಕು. ಇಲ್ಲಿಯವರೆಗೆ ಎರಡು ಕೊಟ್ಟಿದ್ದೇನೆ. ಎರಡರಲ್ಲೂ ಮೂರನೇ ಅಧ್ಯಾಯದ ದಿನ ಕಾರ್ಡಿನ ಯಜಮಾನ ಆಫೀಸ್ ಕೆಲಸ ಅಂತ ಬಂದಿಲ್ಲ. ಕಾರ್ಡು ಅರ್ಧ ಓದಿದ ಪುಸ್ತಕದಂತೆ ಶೀಟಿನ ಅಡಿಯಲ್ಲೇ ಬಿದ್ದಿದೆ.